ಕೆಟ್ಟ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ: ಸಣ್ಣ ಸಂಸ್ಥೆಗಳ ಡೇಟಾ ಬ್ಯಾಕಪ್‌ಗೆ ಒಂದು ಮಾರ್ಗದರ್ಶಿ

ದಾವಣಗೆರೆಯ ಯಾವ ದಲ್ಲಾಲಿ ಅಂಗಡಿಗೆ, ಪತ್ತಿನ ಸಹಕಾರ ಸಂಘಕ್ಕೆ, ಶಾಲೆಗೆ, ನರ್ಸಿಂಗ್ ಹೋಂಗೆ ಹೋಗಿ ಕೇಳಿದರೂ "ಬ್ಯಾಕಪ್ ಇದೆ" ಎಂದೇ ಹೇಳುತ್ತಾರೆ. ಹೇಳುವುದು ನಿಜವೇ. ಟೇಬಲ್ ಡ್ರಾಯರ್‌ನಲ್ಲಿ ಒಂದು ಪೆನ್‌ಡ್ರೈವ್ ಇರುತ್ತದೆ. ಇಲ್ಲವೇ ಸರ್ವರ್‌ಗೆ ಹಗಲು ರಾತ್ರಿ ಸಿಕ್ಕಿಸಿಯೇ ಇಟ್ಟ ಒಂದು ಹಾರ್ಡ್‌ಡಿಸ್ಕ್ ಇರುತ್ತದೆ. "ಅದರಿಂದ ಒಮ್ಮೆಯಾದರೂ ಎಲ್ಲವನ್ನೂ ವಾಪಸ್ ತಂದು ನೋಡಿದ್ದೀರಾ?" ಎಂದು ಕೇಳಿದರೆ ಹೌದು ಎನ್ನುವವರು ಕಡಿಮೆ.

ಬಹಳ ಜನ ಈ ಕೆಲಸವನ್ನು ಅಂಗಡಿಯಿಂದ ಶುರು ಮಾಡುತ್ತಾರೆ. ಯಾವ ಡಿಸ್ಕ್ ಕೊಳ್ಳೋಣ, ಯಾವ ಸಾಫ್ಟ್‌ವೇರ್ ಹಾಕೋಣ ಅಂತ. ಅದು ಕೊನೆಗೆ ಬರಬೇಕಾದ ಪ್ರಶ್ನೆ. ಮೊದಲು ಒಂದು ಕೆಟ್ಟ ದಿನವನ್ನು ಕಣ್ಣ ಮುಂದೆ ತಂದುಕೊಳ್ಳಿ. ನವೆಂಬರ್ ತಿಂಗಳು, ಎಪಿಎಂಸಿ ಪ್ರಾಂಗಣದ ತುಂಬ ಮೆಕ್ಕೆಜೋಳ. ಟೆಂಡರ್ ಮುಗಿದಿದೆ, ತೂಕ ನಡೆಯುತ್ತಿದೆ, ರೈತರು ಪಟ್ಟಿಗೂ (ಮಾರಾಟದ ಚೀಟಿ) ದುಡ್ಡಿಗೂ ಕಾಯುತ್ತಿದ್ದಾರೆ. ಆ ಹೊತ್ತಿಗೆ ನಿಮ್ಮ ಕಂಪ್ಯೂಟರ್ ಆನ್ ಆಗುವುದಿಲ್ಲ. ಈಗ ನಿಮಗೆ ಮೊದಲು ಬೇಕಾದದ್ದು ಏನು? ಹತ್ತು ವರ್ಷದ ಹಳೆಯ ಲೆಕ್ಕವಂತೂ ಅಲ್ಲ. ಇವತ್ತಿನ ತೂಕ, ಯಾವ ರೈತರಿಗೆ ಎಷ್ಟು ಮುಂಗಡ ಹೋಗಿದೆ, ಯಾವ ಖರೀದಿದಾರರಿಂದ ಎಷ್ಟು ಬರಬೇಕು, ಇಷ್ಟು. ಅದು ಎಷ್ಟು ಹೊತ್ತಿಗೆ ಬೇಕು? ಸಂಜೆಯೊಳಗೆ. ಇಡೀ ಯೋಜನೆ ಈ ಎರಡು ಉತ್ತರಗಳ ಮೇಲೆ ನಿಲ್ಲುತ್ತದೆ.

ಮೊದಲ ಹೆಜ್ಜೆ: ಏನೇನು ಎಲ್ಲೆಲ್ಲಿ ಇದೆ, ಬರೆಯಿರಿ

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಏನು, ಎಲ್ಲಿದೆ, ಯಾರಿಗೆ ಗೊತ್ತು ಎಂದು ಮೂರು ಕಾಲಂ ಹಾಕಿ. ಆಮೇಲೆ ಕೂತಲ್ಲೇ ತುಂಬಿಸಬೇಡಿ. ಎದ್ದು ಹೋಗಿ ಒಬ್ಬೊಬ್ಬರ ಪಕ್ಕ ಕೂತು "ಬೆಳಗ್ಗೆ ಬಂದ ಕೂಡಲೇ ಏನು ತೆರೆಯುತ್ತೀರಿ?" ಎಂದು ಕೇಳಿ. ಮಾಲೀಕರಿಗೆ, ಕಾರ್ಯದರ್ಶಿಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಆಗ ಹೊರಬರುತ್ತದೆ.

ಮುಖ್ಯ ಸಾಫ್ಟ್‌ವೇರ್‌ನ ಡೇಟಾ ಎಲ್ಲರ ನೆನಪಿನಲ್ಲೂ ಇರುತ್ತದೆ. ಮರೆತುಹೋಗುವುದು ಬೇರೆ. ಅಕೌಂಟೆಂಟ್ ತಮ್ಮ ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಂಡ ಎಕ್ಸೆಲ್ ಫೈಲ್, ಮ್ಯಾನೇಜರ್ ಫೋನಿನ ವಾಟ್ಸಾಪ್‌ನಲ್ಲಿ ಮಾತ್ರ ಇರುವ ಆರ್ಡರ್‌ಗಳು, ಶಾಲೆಯ ದಾಖಲಾತಿ ಫಾರ್ಮ್‌ಗಳ ಸ್ಕ್ಯಾನ್, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರದೊಳಗೇ ಉಳಿದ ಚಿತ್ರಗಳು, ಪಿಗ್ಮಿ ಸಂಗ್ರಾಹಕರ ಕೈಯಲ್ಲಿರುವ ಸಣ್ಣ ಮಷೀನ್. ಇವೆಲ್ಲ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು.

ಇನ್ನು ಡೇಟಾ ಅಲ್ಲದ, ಆದರೆ ಇಲ್ಲದೇ ಹೋದರೆ ಡೇಟಾ ಇದ್ದೂ ಉಪಯೋಗಕ್ಕೆ ಬಾರದ ಕೆಲವು ವಸ್ತುಗಳಿವೆ. ನಮ್ಮಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಹಳೆಯ ಕನ್ನಡ ಫೈಲ್‌ಗಳು. ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ತರ ಓದಲು ಬರುವ ಯೂನಿಕೋಡ್ ಅಕ್ಷರ ವ್ಯವಸ್ಥೆ ಬರುವ ಮೊದಲು, ಬಂದ ಮೇಲೂ ಎಷ್ಟೋ ವರ್ಷ, ಸಂಘಗಳ ನಡಾವಳಿ, ನೋಟಿಸ್, ಶಾಲೆಯ ಪ್ರಮಾಣಪತ್ರ ಎಲ್ಲವನ್ನೂ ನುಡಿ ಇಲ್ಲವೇ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ. ಹೊಸ ಕಂಪ್ಯೂಟರ್‌ಗೆ ಆ ಫೈಲ್ ಸರಿಯಾಗಿಯೇ ಬರುತ್ತದೆ. ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ, ಅಷ್ಟೇ. ಗೊತ್ತಿಲ್ಲದವರು ಹಾಳಾಯಿತೆಂದು ಅಳಿಸಿಯೇ ಬಿಡಬಹುದು. ಹಾಗಾಗಿ ನೀವು ಬಳಸಿದ ಫಾಂಟ್‌ಗಳನ್ನೂ ನುಡಿ ತಂತ್ರಾಂಶದ ಇನ್‌ಸ್ಟಾಲರ್ ಅನ್ನೂ ಬ್ಯಾಕಪ್‌ನ ಒಳಗೇ ಇಡಿ. ಟೈಮ್ ಸಿಕ್ಕಾಗ ಹಳೆಯ ನಡಾವಳಿಗಳನ್ನು ಯೂನಿಕೋಡ್‌ಗೆ ಬದಲಿಸಿ, ಜೊತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಮಾಡಿಡಿ.

ಅದೇ ಫೋಲ್ಡರ್‌ನಲ್ಲಿ ಸಾಫ್ಟ್‌ವೇರ್‌ಗಳ ಇನ್‌ಸ್ಟಾಲರ್, ಲೈಸೆನ್ಸ್ ನಂಬರ್, ಪ್ರಿಂಟರ್ ಡ್ರೈವರ್ ಎಲ್ಲ ಇರಲಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ನಕಲು ಮಾಡಲು ಬರುವುದಿಲ್ಲ, ಅದು ಹಾಗೆಯೇ ತಯಾರಾದದ್ದು. ಅದು ಕಳೆದರೆ ಹೊಸದನ್ನು ಎಲ್ಲಿ ಮಾಡಿಸಬೇಕು, ಅಲ್ಲಿಯವರೆಗೆ ಸಹಿ ಹಾಕಲು ಅಧಿಕಾರವಿರುವ ಎರಡನೇ ವ್ಯಕ್ತಿ ಯಾರು ಎಂದು ಬರೆದಿಡಿ. ಜಿಎಸ್‌ಟಿ ಪೋರ್ಟಲ್‌ನ, ಬ್ಯಾಂಕಿನ ಒಟಿಪಿ ಯಾರ ಸಿಮ್‌ಗೆ ಬರುತ್ತದೆ ಎಂಬುದನ್ನೂ ಬರೆಯಿರಿ. ಕೆಲಸ ಬಿಟ್ಟುಹೋದ ಹುಡುಗನ ನಂಬರ್‌ಗೆ ಇನ್ನೂ ಒಟಿಪಿ ಹೋಗುತ್ತಿದ್ದರೆ ಅದನ್ನು ಇವತ್ತೇ ಬದಲಿಸಿ.

ಎರಡು ಪ್ರಶ್ನೆ, ಒಂದೊಂದಕ್ಕೂ ಗಂಟೆಯಲ್ಲಿ ಉತ್ತರ

ಪಟ್ಟಿಯ ಪ್ರತಿ ಸಾಲಿನ ಮುಂದೆ ಎರಡು ಅಂಕಿ ಬರೆಯಬೇಕು. ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ಮತ್ತೆ ಮಾಡಿಕೊಳ್ಳಬಹುದು? ನಿಂತ ಕೆಲಸ ಎಷ್ಟು ಹೊತ್ತಿನೊಳಗೆ ಮತ್ತೆ ಶುರುವಾಗಬೇಕು? ಕಂಪ್ಯೂಟರ್ ಜನ ಮೊದಲನೆಯದನ್ನು ಆರ್‌ಪಿಒ, ಎರಡನೆಯದನ್ನು ಆರ್‌ಟಿಒ ಎನ್ನುತ್ತಾರೆ.

ಪತ್ತಿನ ಸಂಘವೊಂದನ್ನು ನೋಡೋಣ. ಪಿಗ್ಮಿ ಸಂಗ್ರಾಹಕರು ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳಲ್ಲಿ ಹಣ ಕಟ್ಟಿಸಿಕೊಳ್ಳುತ್ತಾರೆ. ಅದು ಮಷೀನ್‌ನಲ್ಲಿ ಇರುತ್ತದೆ. ಮಷೀನ್‌ನ ಲೆಕ್ಕ ಆಫೀಸಿನ ಕಂಪ್ಯೂಟರ್‌ಗೆ ಸೇರುವವರೆಗೆ ಅದು ಬೇರೆಲ್ಲೂ ಇಲ್ಲ. ಮಷೀನ್ ಬಿದ್ದು ಒಡೆದರೆ ಉಳಿಯುವುದು ಗ್ರಾಹಕರ ಕೈಯಲ್ಲಿರುವ ಚೀಟಿ ಮಾತ್ರ. ಇಲ್ಲಿ ದಿನದ ಕೊನೆಯಲ್ಲಿ ಒಮ್ಮೆ ಬ್ಯಾಕಪ್ ಸಾಲದು. ದಿನಕ್ಕೆ ಎರಡು ಸಲ ಮಷೀನ್‌ನ ಲೆಕ್ಕ ಇಳಿಸಿಕೊಳ್ಳುವ ಪದ್ಧತಿ ಬೇಕು. ಅದೇ ಸಂಘದ ವಾರ್ಷಿಕ ವರದಿಯ ಫೋಟೊಗಳಿಗೆ ವಾರಕ್ಕೊಮ್ಮೆ ಧಾರಾಳವಾಯಿತು. ಎಲ್ಲಕ್ಕೂ ಒಂದೇ ನಿಯಮ ಹಾಕಿದರೆ ಬೇಡದ್ದಕ್ಕೆ ಖರ್ಚು ಜಾಸ್ತಿ, ಬೇಕಾದ್ದಕ್ಕೆ ರಕ್ಷಣೆ ಕಡಿಮೆ.

ಈ ಅಂಕಿಗಳನ್ನು ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನ ಮೇಲೆ ಬಿಡಬೇಡಿ. ಆಡಳಿತ ಮಂಡಳಿಯೇ ಕೂತು ತೀರ್ಮಾನಿಸಿ ನಡಾವಳಿಯಲ್ಲಿ ಬರೆಸಬೇಕು. ಎಷ್ಟು ನಷ್ಟ ತಡೆದುಕೊಳ್ಳಬಹುದು ಎಂದು ಹೇಳಬೇಕಾದವರು ದುಡ್ಡಿಗೆ ಜವಾಬ್ದಾರರಾದವರು.

ಮೂರು ಪ್ರತಿ, ಎರಡು ಬಗೆ, ಒಂದು ಹೊರಗೆ

ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ ಜನಪ್ರಿಯಗೊಳಿಸಿದ 3-2-1 ಸೂತ್ರ ಈಗಲೂ ಸಾಕು. ಮೂಲವೂ ಸೇರಿ ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ಇದಕ್ಕೆ ಈಗ ಇನ್ನೊಂದು ಸೇರಿದೆ: ಒಂದು ಪ್ರತಿಯಾದರೂ ಯಾವ ಕಂಪ್ಯೂಟರ್‌ಗೂ ನೆಟ್‌ವರ್ಕ್‌ಗೂ ತಗುಲಿರಬಾರದು. ಬಿತ್ತನೆ ಬೀಜವನ್ನು ಊಟದ ಕಾಳಿನ ಚೀಲದಲ್ಲೇ ಇಡುವ ರೈತರಿಲ್ಲ, ಅಲ್ವಾ?

ಬೇರೆ ಜಾಗ ಎಂದರೆ ಎಷ್ಟು ದೂರ? ಮೇಲಿನ ಮಹಡಿ ಲೆಕ್ಕಕ್ಕಿಲ್ಲ. ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರಂದು ಒವಿಎಚ್ ಕಂಪನಿಯ ದೊಡ್ಡ ಡೇಟಾ ಸೆಂಟರ್ ಕಟ್ಟಡವೇ ಸುಟ್ಟುಹೋಯಿತು. ಬ್ಯಾಕಪ್‌ಗೆಂದು ದುಡ್ಡು ಕೊಟ್ಟಿದ್ದ ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅದೇ ಬೆಂಕಿಯಲ್ಲಿ ಹೋಯಿತು. ದಕ್ಷಿಣ ಕೊರಿಯಾದ್ದು ಇನ್ನೂ ದೊಡ್ಡದು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಎದ್ದಿತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ ಸುಮಾರು 858 ಟೆರಾಬೈಟ್ ಡೇಟಾ ನಾಶವಾಯಿತು. ಅಷ್ಟು ದೊಡ್ಡದಕ್ಕೆ ಹೊರಗೆ ಬ್ಯಾಕಪ್ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದಲ್ಲೇ ಹೀಗೆ. ನಮ್ಮ ಆಫೀಸುಗಳಲ್ಲಿ ಯುಪಿಎಸ್ ಬ್ಯಾಟರಿ, ಸರ್ವರ್, ಬ್ಯಾಕಪ್ ಡಿಸ್ಕ್ ಮೂರೂ ಒಂದೇ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ ಇರುತ್ತವೆ. ಮೊದಲು ಡಿಸ್ಕನ್ನು ಅಲ್ಲಿಂದ ಎತ್ತಿ.

"ನಮ್ಮದು ಬರದ ಸೀಮೆ, ನೀರು ಎಲ್ಲಿಂದ ನುಗ್ಗುತ್ತೆ?" ಎನ್ನುವವರಿದ್ದಾರೆ. ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಎರಡು ತಲೆಮಾರು ನೋಡದ್ದು ಮೂರನೇ ತಲೆಮಾರಿಗೆ ಕಾಣಿಸಿತು. ಹರಿಹರದಲ್ಲಿ ತುಂಗಭದ್ರೆ ತುಂಬಿದರೆ ನದಿ ಪಕ್ಕದ ತಗ್ಗಿನ ಮನೆಗಳಿಗೆ ನೀರು ಬರುವುದು ಅಲ್ಲಿನವರಿಗೆ ಹೊಸದಲ್ಲ. ಇನ್ನು ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಎಲ್ಲರಿಗೂ ಗೊತ್ತು. ಸಿಡಿಲಿನ ಹೊಡೆತ ಕರೆಂಟ್ ವೈರಿನಲ್ಲಿ ಮಾತ್ರ ಬರುವುದಿಲ್ಲ. ಕೇಬಲ್ ಇಂಟರ್‌ನೆಟ್‌ನ, ಸಿಸಿಟಿವಿಯ ವೈರಿನಲ್ಲೂ ಬಂದು ಮದರ್‌ಬೋರ್ಡ್ ಸುಡುತ್ತದೆ. ಆಗ ಸಿಕ್ಕಿಸಿಟ್ಟ ಡಿಸ್ಕ್ ಕೂಡ ಹೋಗುತ್ತದೆ.

ದಾವಣಗೆರೆಯ ಸಂಸ್ಥೆಗೆ ಚಿತ್ರದುರ್ಗದಲ್ಲೋ ಜಗಳೂರಿನಲ್ಲೋ ಹೊನ್ನಾಳಿಯಲ್ಲೋ ಶಾಖೆ ಇದ್ದರೆ ನಿಮ್ಮ ಅದೃಷ್ಟ. ವಾರಕ್ಕೊಮ್ಮೆ ಹೋಗಿ ಬರುವವರ ಕೈಯಲ್ಲಿ ಒಂದು ಡಿಸ್ಕ್ ಕಳಿಸಿ, ಅಲ್ಲಿದ್ದ ಹಳೆಯದನ್ನು ತರಿಸಿಕೊಳ್ಳಿ. ಶಾಖೆ ಇಲ್ಲದವರು ಊರಿನ ಇನ್ನೊಂದು ಬಡಾವಣೆಯಲ್ಲಿ ಪದಾಧಿಕಾರಿಯೊಬ್ಬರ ಮನೆಯ ಬೀರುವಿನಲ್ಲಿ, ಇಲ್ಲ ಬ್ಯಾಂಕ್ ಲಾಕರ್‌ನಲ್ಲಿ ಇಡಬಹುದು. ಬೆಂಕಿಗೆ ತಡೆಯುವ ತಿಜೋರಿ ನಮ್ಮಲ್ಲಿದೆ ಎನ್ನುವವರು ಅದು ಯಾವುದಕ್ಕೆ ತಯಾರಾದದ್ದು ಎಂದು ನೋಡಿ. ಕಾಗದಕ್ಕೆಂದು ಪರೀಕ್ಷೆಯಾದ ತಿಜೋರಿಯ ಒಳಗೆ ಶಾಖ 177 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿದರೂ ಅದು ಪಾಸ್. ಡಿಸ್ಕ್‌ಗೆಂದೇ ತಯಾರಾದದ್ದರಲ್ಲಿ ಮಿತಿ 52 ಡಿಗ್ರಿ. ಬಾಂಡ್ ಪೇಪರ್ ಉಳಿದು ಹಾರ್ಡ್‌ಡಿಸ್ಕ್ ಕೆಡಬಹುದು.

ಬ್ಯಾಕಪ್ ಅಂತ ನಾವು ಅಂದುಕೊಂಡಿರುವ ಕೆಲವು

ಗೂಗಲ್ ಡ್ರೈವ್‌ಗೆ ತಾನೇ ಹೋಗಿ ಕೂರುವ ಫೋಲ್ಡರ್ ಅನುಕೂಲವಾದದ್ದು, ಆದರೆ ಅದೊಂದೇ ಸಾಲದು. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಅದರ ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ ಇರುತ್ತದೆ. ಮಾರ್ಚ್‌ನಲ್ಲಿ ಅಳಿದದ್ದು ಜೂನ್‌ನಲ್ಲಿ ಆಡಿಟರ್ ಕೇಳಿದಾಗ ಗೊತ್ತಾದರೆ ಏನೂ ಮಾಡಲು ಬರುವುದಿಲ್ಲ. ಸರ್ವರ್‌ನಲ್ಲಿ ಎರಡು ಡಿಸ್ಕ್ ಜೋಡಿಸುವ ರೇಡ್ ವ್ಯವಸ್ಥೆ ಒಂದು ಡಿಸ್ಕ್ ಕೆಟ್ಟರೆ ಕಾಪಾಡುತ್ತದೆ. ತಪ್ಪಾಗಿ ಅಳಿಸಿದ್ದನ್ನು ಎರಡರಲ್ಲೂ ನಿಷ್ಠೆಯಿಂದ ಅಳಿಸುತ್ತದೆ. ಸಿ ಡ್ರೈವ್‌ನದನ್ನು ಡಿ ಡ್ರೈವ್‌ಗೆ ಕಾಪಿ ಮಾಡಿದರೆ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕ್‌ನಲ್ಲಿರುತ್ತವೆ. ಪೆನ್‌ಡ್ರೈವ್ ಸಾಗಿಸಲು ಸರಿ, ಇಡಲು ಬೇಡ. ಒಳಗೆ ತಿರುಗುವ ತಟ್ಟೆ ಇಲ್ಲದ ಹೊಸ ಬಗೆಯ ಡಿಸ್ಕ್ ಎಸ್‌ಎಸ್‌ಡಿಯನ್ನೂ ಕರೆಂಟ್ ಇಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟರೆ ಡೇಟಾ ಮಾಸಬಹುದು. ಇಡಲು ಸಾಮಾನ್ಯ ಹಾರ್ಡ್‌ಡಿಸ್ಕ್ ಒಳ್ಳೆಯದು, ಅದನ್ನೂ ನಾಲ್ಕೈದು ವರ್ಷಕ್ಕೆ ಬದಲಿಸಿ.

ಈಗ ಕೆಲಸ

ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್ ಬಳಸುವವರು ಆಲ್ಟ್ ಮತ್ತು ವೈ ಒತ್ತಿ ಡೇಟಾ ಮೆನುವಿನಲ್ಲಿರುವ ಬ್ಯಾಕಪ್ ಬಳಸಿ. ಜೊತೆಗೆ ಟ್ಯಾಲಿ ಮುಚ್ಚಿ, ಇಡೀ ಡೇಟಾ ಫೋಲ್ಡರ್‌ನ ಒಂದು ಪ್ರತಿಯನ್ನೂ ತೆಗೆಯಿರಿ. ಒಂದು ಮಾತು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ: ರಿಸ್ಟೋರ್ ಮಾಡುವಾಗ, ಅಂದರೆ ಬ್ಯಾಕಪ್‌ನಿಂದ ವಾಪಸ್ ತರುವಾಗ, ಈಗಿನ ಡೇಟಾ ಇರುವ ಫೋಲ್ಡರ್‌ಗೇ ಮಾಡಬಾರದು. ಮಾಡಿದರೆ ಹಳೆಯದು ಬಂದು ಹೊಸದರ ಮೇಲೆ ಕೂರುತ್ತದೆ. ಯಾವಾಗಲೂ ಹೊಸ ಫೋಲ್ಡರ್ ಮಾಡಿ ಅದರೊಳಗೆ ತನ್ನಿ.

ಸಂಘದ, ಆಸ್ಪತ್ರೆಯ, ಕಾಲೇಜಿನ ಸಾಫ್ಟ್‌ವೇರ್‌ಗಳ ಹಿಂದೆ ಎಲ್ಲ ಲೆಕ್ಕವನ್ನೂ ಜೋಡಿಸಿಡುವ ಒಂದು ಡೇಟಾಬೇಸ್ ಇರುತ್ತದೆ. ಅದು ಓಡುತ್ತಿರುವಾಗ ಅದರ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡಿದರೆ ಅರ್ಧ ಬರೆದ ಲೆಕ್ಕ ಬರುತ್ತದೆ, ಆ ಪ್ರತಿ ತೆರೆಯದೇ ಹೋಗಬಹುದು. ಡೇಟಾಬೇಸ್‌ನದೇ ಬ್ಯಾಕಪ್ ಆಜ್ಞೆಯಿಂದ ತೆಗೆಯಬೇಕು. ಸಾಫ್ಟ್‌ವೇರ್ ಕೊಟ್ಟವರನ್ನು ನೇರವಾಗಿ ಕೇಳಿ: "ಡೇಟಾಬೇಸ್ ಯಾವುದು? ಬ್ಯಾಕಪ್ ಎಲ್ಲಿ ಬೀಳುತ್ತದೆ? ನೀವು ಫೋನ್ ಎತ್ತದಿದ್ದರೆ ನಾವೇ ವಾಪಸ್ ತರುವುದು ಹೇಗೆ?" ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ ಇದ್ದರೆ ಗಮನಿಸಿ. ಅದರಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಏಜೆಂಟ್ ಇಲ್ಲ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಿಂದ ಬ್ಯಾಕಪ್ ಓಡಿಸಬೇಕು. ಇದನ್ನು ಯಾರೂ ಹೊಂದಿಸದಿದ್ದರೆ ತಾನಾಗಿ ಬ್ಯಾಕಪ್ ಆಗುವುದಿಲ್ಲ.

ಎಷ್ಟು ಹಳೆಯ ಪ್ರತಿ ಇಡಬೇಕು? ನಾನು ಸಣ್ಣ ಆಫೀಸುಗಳಿಗೆ ಹೇಳುವುದು: ದಿನದ್ದು ಏಳು, ವಾರದ್ದು ನಾಲ್ಕು, ತಿಂಗಳದ್ದು ಹನ್ನೆರಡು. ಮಾರ್ಚ್ 31ರದ್ದು ಪ್ರತ್ಯೇಕವಾಗಿ, ಅಳಿಸದೆ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕು. ಕಂಪನಿಯಾಗಿ ನೋಂದಣಿಯಾದವರು ಎಂಟು ವರ್ಷದ ಲೆಕ್ಕಪುಸ್ತಕ ಇಡಬೇಕು. ಅವು ಕಂಪ್ಯೂಟರ್‌ನಲ್ಲಿದ್ದರೆ ದಿನವೂ ಬ್ಯಾಕಪ್ ತೆಗೆದು ಭಾರತದೊಳಗಿನ ಸರ್ವರ್‌ನಲ್ಲಿ ಇಡಬೇಕು ಎಂಬ ನಿಯಮ 2022ರಿಂದ ಇದೆ.

ಕ್ಲೌಡ್, ಅಂದರೆ ಇಂಟರ್‌ನೆಟ್ ಮೂಲಕ ಬೇರೆ ಕಂಪನಿಯ ಸರ್ವರ್‌ನಲ್ಲಿ ಜಾಗ, ಬಳಸುವುದಾದರೆ ಮುಂಬೈ, ಹೈದರಾಬಾದ್ ತರದ ಭಾರತದ ಕೇಂದ್ರವನ್ನೇ ಆರಿಸಿ. ಇಂತಿಷ್ಟು ದಿನ ಅಳಿಸಲಾಗದಂತೆ ಬೀಗ ಹಾಕುವ ಆಯ್ಕೆ ಇದ್ದರೆ ಹಾಕಿ. ಆದರೆ ವಾಪಸ್ ತರುವ ಹೊತ್ತಿನ ಲೆಕ್ಕ ಮೊದಲೇ ಮಾಡಿಕೊಳ್ಳಿ. 500 ಜಿಬಿ ಡೇಟಾ, 50 ಎಂಬಿಪಿಎಸ್ ಲೈನ್ ಎಂದಿಟ್ಟುಕೊಳ್ಳಿ. ಲೈನ್ ಒಂದು ಕ್ಷಣವೂ ನಿಲ್ಲದೆ ಪೂರ್ತಿ ವೇಗದಲ್ಲಿ ಓಡಿದರೂ ಸುಮಾರು 22 ಗಂಟೆ ಬೇಕು. ಸಂಜೆಯೊಳಗೆ ರೈತರಿಗೆ ಪಟ್ಟಿ ಕೊಡಬೇಕಾದ ಅಂಗಡಿಗೆ ಇದು ಆಗದ ಮಾತು. ಅಂಥವರಿಗೆ ಬೇಗ ಕೈಗೆ ಸಿಗುವ ಡಿಸ್ಕ್ ಊರಲ್ಲೇ ಬೇಕು, ಕ್ಲೌಡ್ ಅದರ ಹಿಂದೆ ಇರಲಿ.

ಹೊರಗೆ ಹೋಗುವ ಡಿಸ್ಕ್‌ಗೆ ಪಾಸ್‌ವರ್ಡ್ ಬೀಗ ಹಾಕಲೇಬೇಕು. ಬಸ್ಸಿನಲ್ಲಿ ಬಿಟ್ಟುಬಂದ ಡಿಸ್ಕ್‌ನಲ್ಲಿ ನಿಮ್ಮ ಸದಸ್ಯರ ಆಧಾರ್, ಪಾನ್, ಸಾಲದ ವಿವರ ಇರುತ್ತದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸರಿಯಾದ ರಕ್ಷಣೆ ಮಾಡದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡಕ್ಕೆ ಅವಕಾಶವಿದೆ. ವಿಂಡೋಸ್‌ನ ಬಿಟ್‌ಲಾಕರ್ ಬಳಸಿದರೆ ಅದು 48 ಅಂಕಿಯ ಒಂದು ರಿಕವರಿ ಕೀ ಕೊಡುತ್ತದೆ. ಅದನ್ನು ಕಾಗದದಲ್ಲಿ ಮುದ್ರಿಸಿ, ಲಕೋಟೆಯಲ್ಲಿ ಅಂಟಿಸಿ, ಡಿಸ್ಕ್ ಇರದ ಎರಡು ಜಾಗಗಳಲ್ಲಿ ಇಡಿ. ಪಾಸ್‌ವರ್ಡ್‌ ಜೊತೆ ಅದೂ ಕಳೆದರೆ ಆ ಡಿಸ್ಕ್ ತೆರೆಯಲು ಯಾರಿಂದಲೂ ಆಗುವುದಿಲ್ಲ.

ಸುಲಿಗೆ ವೈರಸ್ ಬಂದರೆ

ಬೆಂಕಿ, ನೀರು, ಸಿಡಿಲು ನಿಮ್ಮ ಬ್ಯಾಕಪ್ ಅನ್ನು ಹುಡುಕಿಕೊಂಡು ಬರುವುದಿಲ್ಲ. ಡೇಟಾಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಹುಡುಕಿಕೊಂಡೇ ಬರುತ್ತದೆ. ವಿಂಡೋಸ್ ತಾನೇ ಇಟ್ಟುಕೊಂಡ ಹಳೆಯ ಪ್ರತಿಗಳನ್ನು ಅದು ಮೊದಲು ಅಳಿಸುತ್ತದೆ. ಆಮೇಲೆ ಸಿಕ್ಕಿಸಿಟ್ಟ ಡಿಸ್ಕ್, ನೆಟ್‌ವರ್ಕ್ ಫೋಲ್ಡರ್ ಎಲ್ಲಕ್ಕೂ ಬೀಗ ಹಾಕುತ್ತದೆ. ಒಳಗೆ ಬಂದವರು ಎಷ್ಟೋ ದಿನ ಸದ್ದಿಲ್ಲದೆ ಕೂತಿರುವುದೂ ಉಂಟು. ಆದ್ದರಿಂದಲೇ ನಿನ್ನೆಯ ಒಂದು ಪ್ರತಿ ಸಾಲದು, ಹಳೆಯ ತಿಂಗಳುಗಳದ್ದೂ ಬೇಕು.

ದೆಹಲಿಯ ಏಮ್ಸ್ ಆಸ್ಪತ್ರೆಗೆ 2022ರ ನವೆಂಬರ್ 23ರಂದು ಇಂಥ ದಾಳಿ ಆಯಿತು. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಡೇಟಾಗೆ ಬೀಗ ಬಿದ್ದಿತ್ತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಒಪಿಡಿ ಚೀಟಿಯಿಂದ ಹಿಡಿದು ಎಲ್ಲವನ್ನೂ ದಿನಗಟ್ಟಲೆ ಕೈಯಲ್ಲಿ ಬರೆದರು. ಸಹಕಾರಿ ಕ್ಷೇತ್ರದವರು ನೆನಪಿಡಬೇಕಾದದ್ದು 2024ರ ಜುಲೈ ಕೊನೆಯ ದಿನಗಳು. ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಕಂಪನಿಯ ಮೇಲೆ ದಾಳಿಯಾಗಿ, ದೇಶದ ಸುಮಾರು 300 ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಪಾವತಿ ವ್ಯವಸ್ಥೆ ನಿಂತಿತು. ಆ ಬ್ಯಾಂಕುಗಳು ಏನೂ ತಪ್ಪು ಮಾಡಿರಲಿಲ್ಲ. ನಿಮ್ಮ ಸಾಫ್ಟ್‌ವೇರ್ ಕೊಟ್ಟವರು ನಿಂತರೆ ನೀವೂ ನಿಲ್ಲುತ್ತೀರಿ. ಅದೂ ಯೋಜನೆಯಲ್ಲಿರಬೇಕು.

ತಗುಲಿಸದೆ ಇಟ್ಟ ಪ್ರತಿಯ ಬೆಲೆ ತೋರಿಸುವ ಘಟನೆ 2017ರ ಜೂನ್‌ನದ್ದು. ನಾಟ್‌ಪೆಟ್ಯಾ ಎಂಬ ದಾಳಿ ಹಡಗು ಕಂಪನಿ ಮಾರ್ಸ್ಕ್‌ನ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಮತ್ತೆ ಮೊದಲಿಂದ ಕಟ್ಟುವಂತೆ ಮಾಡಿತು. ನೌಕರರ ಲಾಗಿನ್ ಎಲ್ಲವನ್ನೂ ಹಿಡಿದಿದ್ದ ಸರ್ವರ್‌ಗಳು ಪ್ರಪಂಚದ ಹಲವು ಕಡೆ ಇದ್ದವು, ಒಂದರ ಪ್ರತಿ ಇನ್ನೊಂದರಲ್ಲಿ. ಎಲ್ಲವೂ ಒಟ್ಟಿಗೇ ಅಳಿದವು. ಉಳಿದದ್ದು ಆಫ್ರಿಕಾದ ಘಾನಾ ಕಚೇರಿಯದ್ದು ಒಂದೇ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು, ಅದಕ್ಕೇ ಅದು ಉಳಿಯಿತು. ಅದರಿಂದಲೇ ಅವರು ಮತ್ತೆ ಎದ್ದು ನಿಂತದ್ದು. ನಾವು ಕರೆಂಟ್ ಹೋಗುವುದಕ್ಕೆ ಕಾಯಬೇಕಿಲ್ಲ. ಬ್ಯಾಕಪ್ ಮುಗಿದ ಕೂಡಲೇ ವೈರ್ ಕಿತ್ತರೆ ಸಾಕು.

ವಾಪಸ್ ತಂದು ನೋಡುವುದು

ನಿಮಗೆ ಒಂದೇ ಕೆಲಸಕ್ಕೆ ಸಮಯವಿದೆ ಎಂದರೆ ಇದನ್ನೇ ಮಾಡಿ. ಮೂರು ತಿಂಗಳಿಗೊಮ್ಮೆ ಒಂದು ಶನಿವಾರ ಮಧ್ಯಾಹ್ನ ಇದಕ್ಕೆಂದು ಇಡಿ.

ಬೇರೆ ಒಂದು ಲ್ಯಾಪ್‌ಟಾಪ್ ತೆಗೆದುಕೊಳ್ಳಿ, ಆಫೀಸ್ ನೆಟ್‌ವರ್ಕ್‌ಗೆ ಸೇರಿಸಬೇಡಿ. ದಿನವೂ ಬ್ಯಾಕಪ್ ತೆಗೆಯುವವರು ಅವತ್ತು ಕೈ ಕಟ್ಟಿ ಕೂರಬೇಕು. ಇನ್ನೊಬ್ಬರು, ಬರೆದಿಟ್ಟ ಹಾಳೆ ನೋಡಿಕೊಂಡು ಮಾಡಬೇಕು. ಶುರುವಾದ ಸಮಯ ಬರೆಯಿರಿ. ಇಟ್ಟಿರುವ ಇನ್‌ಸ್ಟಾಲರ್‌ನಿಂದ ಸಾಫ್ಟ್‌ವೇರ್ ಹಾಕಿ, ಡಿಸ್ಕ್‌ನಿಂದ ಡೇಟಾ ತನ್ನಿ. ಸಾಫ್ಟ್‌ವೇರ್ ತೆರೆದುಕೊಂಡಿತು ಎಂದು ಅಲ್ಲಿಗೇ ನಿಲ್ಲಿಸಬೇಡಿ. ಬ್ಯಾಕಪ್ ತೆಗೆದ ದಿನದ ನಗದು ಶಿಲ್ಕು ಕ್ಯಾಶ್ ಬುಕ್ಕಿನ ಶಿಲ್ಕಿಗೆ ತಾಳೆಯಾಗುತ್ತದೆಯೇ ನೋಡಿ. ಮೂವರು ಸದಸ್ಯರ ಖಾತೆ ತೆರೆಯಿರಿ: ಬಹಳ ಹಳೆಯದೊಂದು, ಹೋದ ವಾರ ತೆರೆದದ್ದೊಂದು, ಮುಚ್ಚಿದ್ದೊಂದು. ಒಂದು ರಸೀದಿ ಪ್ರಿಂಟ್ ತೆಗೆಯಿರಿ. ಹಳೆಯ ನಡಾವಳಿಯ ಒಂದು ಕನ್ನಡ ಫೈಲ್ ಓದಲು ಬರುತ್ತದೆಯೇ ನೋಡಿ. ಮುಗಿದ ಸಮಯ ಬರೆದು ಸಹಿ ಹಾಕಿ. ಸಂಜೆಯೊಳಗೆ ಬೇಕು ಎಂದು ಮಂಡಳಿ ಬರೆದದ್ದು ನಿಜಕ್ಕೂ ಆಗುತ್ತದೆಯೇ ಎಂದು ಆಗ ಗೊತ್ತಾಗುತ್ತದೆ.

ಮೊದಲ ಸಲ ಏನಾದರೂ ಒಂದು ಕೈಕೊಟ್ಟೇ ಕೊಡುತ್ತದೆ. ಬೇಸರ ಬೇಡ, ಅದು ಶನಿವಾರವೇ ಗೊತ್ತಾದದ್ದು ಒಳ್ಳೆಯದು. ಸಾಫ್ಟ್‌ವೇರ್ ಬರೆಯುವವರಿಗಾಗಿಯೇ ಇರುವ ಗಿಟ್‌ಲ್ಯಾಬ್ ಕಂಪನಿಗೆ 2017ರ ಜನವರಿ 31ರಂದು ಇದು ಆಗಬಾರದ ಹೊತ್ತಿನಲ್ಲಿ ಗೊತ್ತಾಯಿತು. ಎಂಜಿನಿಯರೊಬ್ಬರು ಕೆಲಸದ ಒತ್ತಡದಲ್ಲಿ ತಪ್ಪು ಸರ್ವರ್‌ನ ಡೇಟಾಬೇಸ್ ಅಳಿಸಿಬಿಟ್ಟರು. ಕಾಪಾಡಲೆಂದು ಐದು ವ್ಯವಸ್ಥೆ ಇಟ್ಟಿದ್ದರು, ಒಂದೂ ಸರಿಯಾಗಿ ಕೈಹಿಡಿಯಲಿಲ್ಲ. ದಿನವೂ ಆಗಬೇಕಿದ್ದ ಬ್ಯಾಕಪ್, ಸಾಫ್ಟ್‌ವೇರ್‌ಗಳ ಆವೃತ್ತಿ ಒಂದಕ್ಕೊಂದು ಹೊಂದದೆ, ವಿಫಲವಾಗುತ್ತಲೇ ಇತ್ತು. ವಿಫಲವಾಗಿದೆ ಎಂದು ಹೇಳುವ ಇಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕಾರಣಕ್ಕೆ ತೆಗೆದಿದ್ದ ಒಂದು ಪ್ರತಿ ಇದ್ದುದರಿಂದ ಉಳಿದುಕೊಂಡರು.

ನಮ್ಮ ಆಫೀಸುಗಳಲ್ಲಿ ಈ ಇಮೇಲ್‌ನ ಜಾಗದಲ್ಲಿ ಒಂದು ಮಾತುಕತೆ ಇರುತ್ತದೆ. "ಬ್ಯಾಕಪ್ ಆಯ್ತೇನಪ್ಪಾ?" "ಆಯ್ತು ಸರ್." ಅಲ್ಲಿಗೆ ಮುಗಿಯಿತು. ಇದರ ಬದಲು ಒಂದು ಪುಸ್ತಕ ಇಡಿ. ದಿನಾಂಕ, ಬ್ಯಾಕಪ್ ಫೈಲಿನ ಗಾತ್ರ, ಯಾವ ಡಿಸ್ಕ್, ಸಹಿ. ಗಾತ್ರ ಬರೆಯುವುದು ಮುಖ್ಯ. ದಿನವೂ ಸ್ವಲ್ಪ ಸ್ವಲ್ಪ ಬೆಳೆಯಬೇಕಾದ ಫೈಲ್ ಒಂದು ದಿನ ಅರ್ಧಕ್ಕೆ ಇಳಿದಿದ್ದರೆ, ಇಲ್ಲವೇ ವಾರವಿಡೀ ಒಂದೇ ಗಾತ್ರದಲ್ಲಿದ್ದರೆ, ಕಂಪ್ಯೂಟರ್ ಗೊತ್ತಿಲ್ಲದ ಕಾರ್ಯದರ್ಶಿಗೂ ಅದು ಕಣ್ಣಿಗೆ ಬೀಳುತ್ತದೆ.

ಆ ದಿನದ ಹಾಳೆ

ಎರಡು ಪುಟ ಸಾಕು, ಆದರೆ ಕಾಗದದಲ್ಲಿರಬೇಕು. ಕಂಪ್ಯೂಟರ್ ಕೆಟ್ಟ ದಿನ ಕಂಪ್ಯೂಟರ್‌ನೊಳಗಿನ ಯೋಜನೆ ಓದಲು ಆಗುವುದಿಲ್ಲ. ಒಂದು ಪ್ರತಿ ಆಫೀಸಿನಲ್ಲಿ, ಒಂದು ಅಧ್ಯಕ್ಷರ ಮನೆಯಲ್ಲಿ.

ಮೊದಲ ಸಾಲು: ಯಾರು ತೀರ್ಮಾನ ಮಾಡುತ್ತಾರೆ, ಅವರಿಲ್ಲದಿದ್ದರೆ ಯಾರು. ಎರಡನೆಯದು: ಅನುಮಾನ ಬಂದ ಕೂಡಲೇ ನೆಟ್‌ವರ್ಕ್ ವೈರ್ ಕೀಳಿ, ವೈಫೈ ಆಫ್ ಮಾಡಿ. ಮೂರನೆಯದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ: ಬ್ಯಾಕಪ್ ಡಿಸ್ಕ್ ತಂದು ಕೆಟ್ಟ ಕಂಪ್ಯೂಟರ್‌ಗೆ ಸಿಕ್ಕಿಸಬೇಡಿ. ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವುದು ಅದನ್ನೇ, ಉಳಿದ ಒಂದು ಪ್ರತಿಯೂ ಹೋಗುವುದು ಹಾಗೆಯೇ. ಶುದ್ಧವಾದ ಬೇರೆ ಕಂಪ್ಯೂಟರ್‌ನಲ್ಲಿ ಆ ಡಿಸ್ಕ್‌ನ ಇನ್ನೊಂದು ನಕಲು ಮಾಡಿಕೊಂಡು, ನಕಲಿನಿಂದ ಕೆಲಸ ಶುರು ಮಾಡಿ. ಕೆಟ್ಟದ್ದನ್ನು ಆತುರದಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಸಾಕ್ಷ್ಯ ಅದರಲ್ಲಿದೆ.

ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ. ರಾನ್ಸಮ್‌ವೇರ್‌ನಂಥ ದಾಳಿಯನ್ನು ಗೊತ್ತಾದ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ಆದೇಶ ಹೇಳುತ್ತದೆ. ಈ ವಿಳಾಸಗಳೂ ಸಾಫ್ಟ್‌ವೇರ್‌ನವರ, ಇಂಟರ್‌ನೆಟ್‌ನವರ, ಬೆಸ್ಕಾಂ ಕಚೇರಿಯ, ವಿಮೆಯವರ ನಂಬರ್‌ಗಳೂ ಹಾಳೆಯಲ್ಲಿರಲಿ.

ಆಮೇಲೆ, ಕಂಪ್ಯೂಟರ್ ಬರುವವರೆಗೆ ಕೈಯಲ್ಲಿ ಕೆಲಸ ನಡೆಸುವುದು ಹೇಗೆ? ಕಾರ್ಬನ್ ಇರುವ ರಸೀದಿ ಪುಸ್ತಕ ಎರಡು ಬೀರುವಿನಲ್ಲಿ ಸಿದ್ಧವಿರಲಿ. ಅದರ ನಂಬರ್ ಸರಣಿ ಕಂಪ್ಯೂಟರ್‌ನ ಸರಣಿಗಿಂತ ಬೇರೆಯೇ ಇರಬೇಕು, ಇಲ್ಲದಿದ್ದರೆ ಆಮೇಲೆ ಸೇರಿಸುವಾಗ ಒಂದೇ ನಂಬರ್ ಎರಡು ಸಲ ಬರುತ್ತದೆ. ಜಿಎಸ್‌ಟಿ ಬಿಲ್‌ಗಳಿಗೂ ಒಂದಕ್ಕಿಂತ ಜಾಸ್ತಿ ಸರಣಿಗೆ ಅವಕಾಶವಿದೆ, ಬಿಲ್ ನಂಬರ್ 16 ಅಕ್ಷರ ಮೀರಬಾರದು ಅಷ್ಟೇ. ಸಂಘಗಳು ಪ್ರತಿ ತಿಂಗಳ ಕೊನೆಗೆ ಎಲ್ಲ ಸದಸ್ಯರ ಶಿಲ್ಕಿನ ಪಟ್ಟಿಯನ್ನು ಪ್ರಿಂಟ್ ಮಾಡಿ ಇಡುವ ಹಳೆಯ ಅಭ್ಯಾಸ ಬಿಡಬೇಡಿ. ದುಡ್ಡು ಬೇಕೆಂದು ಬಂದ ಸದಸ್ಯರನ್ನು ಬರಿಗೈಯಲ್ಲಿ ಕಳಿಸದಿರಲು ಆ ಕಾಗದ ಸಾಕಾಗುತ್ತದೆ. ಅಡಿಕೆ ಸೀಸನ್‌ನಲ್ಲಿ ಚನ್ನಗಿರಿ ಕಡೆಯ ವ್ಯಾಪಾರಿಗಳೂ ಮೆಕ್ಕೆಜೋಳದ ಹೊತ್ತಿನಲ್ಲಿ ನಮ್ಮ ಪ್ರಾಂಗಣದವರೂ ಈ ಪಟ್ಟಿಯನ್ನು ವಾರಕ್ಕೊಮ್ಮೆ ತೆಗೆದರೆ ಇನ್ನೂ ಒಳ್ಳೆಯದು.

ವಾಪಸ್ ತರುವ ಕ್ರಮವನ್ನೂ ಬರೆಯಿರಿ. ಮೊದಲು ಹಣ ಕೊಡುವ, ತೆಗೆದುಕೊಳ್ಳುವ ಲೆಕ್ಕ. ಆಮೇಲೆ ಪ್ರಿಂಟರ್. ಆಮೇಲೆ ಉಳಿದವರ ಕಂಪ್ಯೂಟರ್. ಹಳೆಯ ಫೋಟೊ, ಸ್ಕ್ಯಾನ್ ಎಲ್ಲ ಮುಂದಿನ ವಾರ.

ಖರ್ಚು, ಜನ

ಹತ್ತು ಕಂಪ್ಯೂಟರ್‌ನ ಆಫೀಸಿಗೆ ಇದೆಲ್ಲ ದೊಡ್ಡ ಖರ್ಚಲ್ಲ. ಮೂರು ಹಾರ್ಡ್‌ಡಿಸ್ಕ್, ಸ್ವಲ್ಪ ಕ್ಲೌಡ್ ಜಾಗ, ಒಳ್ಳೆಯ ಯುಪಿಎಸ್, ಸರಿಯಾದ ಅರ್ಥಿಂಗ್. ವೀಮ್‌ನ ಉಚಿತ ಏಜೆಂಟ್, ಡುಪ್ಲಿಕಾಟಿಯಂಥ ಬ್ಯಾಕಪ್ ಸಾಫ್ಟ್‌ವೇರ್‌ಗಳಿಗೆ ದುಡ್ಡು ಬೇಡ. ಇನ್ನೂ ವಿಂಡೋಸ್ 10ರಲ್ಲೇ ಇರುವವರು ಮಾತ್ರ ಮುಂದಕ್ಕೆ ಹಾಕಬೇಡಿ. ಅದಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ.

ಖರ್ಚಿಗಿಂತ ಕಷ್ಟವಾದದ್ದು ಜನರ ವಿಷಯ. ಎಲ್ಲವೂ ಒಬ್ಬ ಹುಡುಗನ ತಲೆಯಲ್ಲಿದ್ದು, ಅವನು ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟರೆ ಯೋಜನೆಯೂ ಅವನ ಜೊತೆ ಹೋಗುತ್ತದೆ. ಇಬ್ಬರಿಗೆ ಕಲಿಸಿ. ತಿಂಗಳಿಗೊಮ್ಮೆ ಕೆಲಸ ಅದಲುಬದಲು ಮಾಡಿ. ಯಾರಾದರೂ ಬಿಡುವಾಗ ಬೀಗದ ಕೈ, ಐಡಿ ಕಾರ್ಡ್ ವಾಪಸ್ ಪಡೆಯುವ ಪಟ್ಟಿಯಲ್ಲಿ ಇನ್ನೂ ಕೆಲವು ಸಾಲು ಸೇರಿಸಿ: ಸರ್ವರ್ ಮತ್ತು ಕ್ಲೌಡ್ ಪಾಸ್‌ವರ್ಡ್ ಬದಲಾಯಿಸಿದ್ದು, ಒಟಿಪಿ ನಂಬರ್ ಬದಲಾಯಿಸಿದ್ದು, ಡಿಸ್ಕ್‌ಗಳನ್ನು ಎಣಿಸಿ ತೆಗೆದುಕೊಂಡದ್ದು. ಅವರು ಹೋಗುವುದಕ್ಕೆ ಮುಂಚಿನ ವಾರದಲ್ಲೇ, ಅವರು ಪಕ್ಕದಲ್ಲಿ ಕೂತಿರುವಾಗ, ಮುಂದೆ ಬರುವವರ ಕೈಯಿಂದ ಒಂದು ಸಲ ಪೂರ್ತಿ ರಿಸ್ಟೋರ್ ಮಾಡಿಸಿ.